ಪಂಪ್ ಮೇಷ್ಟ್ರ ಪೆಟ್ಟಿಗೆ: ದೋಣಿಗೆ ಯಾವ ಡೀಸೆಲ್?

ಸಂಪಾದಕರು ಈ ಸಲ ಕಳಿಸಿದ ಕಟ್ಟಿನಲ್ಲಿ ಒಂಬತ್ತು ಕಾಗದ ಇದ್ದವು. ಐದು ಟ್ರ್ಯಾಕ್ಟರ್ ಹೊಗೆಯವು, ಅವರಿಗೆಲ್ಲ ಮುಂದಿನ ಸಂಚಿಕೆ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಲವತ್ತೊಂದು ವರ್ಷ ಎಂಜಿನ್ನಿನೊಳಕ್ಕೆ ಡೀಸೆಲ್ ಒತ್ತುವ ಪಂಪು, ಅದನ್ನು ಸಿಲಿಂಡರಿಗೆ ಚಿಮ್ಮಿಸುವ ನಾಜಲ್ ಬಿಚ್ಚಿ ಜೋಡಿಸಿದವನು ನಾನು. ಅಮಾನಿಕೆರೆ ತುಂಬಿದರೆ ಅದೇ ನಮಗೆ ಸಮುದ್ರ. ಅಂಥ ಊರಿನಲ್ಲಿ ಕೂತವನಿಗೆ ಒಂದೇ ತಿಂಗಳಲ್ಲಿ ಎರಡು ಕಾಗದ ದೋಣಿ ಎಂಜಿನ್ ಬಗ್ಗೆ ಬಂದವು. ಒಂದು ತಿಪಟೂರಿನಿಂದ, ಇನ್ನೊಂದು ಕುಣಿಗಲ್‌ನಿಂದ. ಇಬ್ಬರ ಪ್ರಶ್ನೆಯೂ ಹತ್ತಿರ ಹತ್ತಿರ ಒಂದೇ. ಅದಕ್ಕೇ ಅವನ್ನು ಮುಂದಕ್ಕೆ ಎಳೆದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರ ಕೆಲಸದಲ್ಲಿದ್ದಾನೆ. ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ, ಅಲ್ಲಿನ ಕಾಲುವೆಯಲ್ಲಿ ನಿಲ್ಲಿಸುವ ಉದ್ದನೆಯ ಹಳೇ ದೋಣಿಯೊಂದನ್ನು ಕೊಂಡು ಅದರಲ್ಲೇ ಸಂಸಾರ ಹೂಡಿದ್ದಾನೆ. ಎಂಜಿನ್ ಮೇಲೆ ಲಿಸ್ಟರ್ ಅಂತ ಬರೆದಿದೆಯಂತೆ, ಎರಡು ಸಿಲಿಂಡರ್, ಗಾಳಿಯಲ್ಲಿ ತಣ್ಣಗಾಗುವಂಥದ್ದು, ಐವತ್ತು ವರ್ಷದ ಮುದುಕ. ಪಕ್ಕದ ದೋಣಿಯವರು ‘ದೋಣಿಗೆ ಅಂತ ಮಾರುವ ಕೆಂಪು ಡೀಸೆಲ್ಲೇ ಹಾಕು, ಕಾರಿನ ಡೀಸೆಲ್ ಹಾಕಿದರೆ ಪಂಪ್ ಒಣಗಿ ಸಾಯುತ್ತೆ’ ಅಂದರಂತೆ. ಇನ್ನೊಬ್ಬರು ‘ಕಾರಿನದೇ ಶುದ್ಧ, ಕೆಂಪು ಕೊಳಕು’ ಅಂದರಂತೆ. ನಮ್ಮ ತೋಟದಲ್ಲೂ ಮುಂಚೆ ಲಿಸ್ಟರ್ ಇತ್ತು, ನಮ್ಮ ಯಜಮಾನರು ಅದಕ್ಕೆ ಕ್ರೂಡಾಯಿಲ್ ಹಾಕುತ್ತಿದ್ದರು. ಮಗ ಫೋನ್ ಮಾಡಿದಾಗಲೆಲ್ಲ ಊಟ ಆಯ್ತಾ ಅಂತ ಕೇಳೋದಕ್ಕೆ ಮುಂಚೆ ಇದೇ ಮಾತು. ಏನು ಹೇಳಲಿ?
— ಓದುಗ ತಾಯಿ, ತಿಪಟೂರು

ಉತ್ತರ: ತಾಯಿ, ನಿಮ್ಮ ತೋಟದ ಬಾವಿ ಕಟ್ಟೆ ಮೇಲೆ ಟಕ್ಕು ಟಕ್ಕು ಅಂತ ಕೂತಿದ್ದ ಎಂಜಿನ್ನಿನ ತವರಿಗೇ ನಿಮ್ಮ ಮಗ ಹೋಗಿ ಸೇರಿದ್ದಾನೆ. ಲಿಸ್ಟರ್ ಕಂಪನಿ 1867ರಲ್ಲಿ ಗ್ಲಾಸ್ಟರ್‌ಷೈರಿನ ಡರ್ಸ್ಲಿ ಅನ್ನುವ ಊರಿನಲ್ಲಿ ಶುರುವಾದದ್ದು. ನಮ್ಮ ಕಡೆ ಓಡಾಡಿದ್ದು ಅವರ ಒಂಟಿ ಸಿಲಿಂಡರ್ ಮಾದರಿ, ನಿಮಿಷಕ್ಕೆ 600ರಿಂದ 650 ಸುತ್ತು, ಎರಡು ಕಡೆಯೂ ಎತ್ತಿನಗಾಡಿ ಗಾಲಿಯಂಥ ಫ್ಲೈವೀಲು. ಅಸಲಿಗಿಂತ ರಾಜ್‌ಕೋಟ್‌ನಲ್ಲಿ ಎರಕ ಹೊಯ್ದ ನಕಲೇ ಹೆಚ್ಚು, ಆದರೆ ಹೆಸರು ಮಾತ್ರ ಎಲ್ಲದಕ್ಕೂ ಲಿಸ್ಟರ್ರೇ. ಕಪಿಲೆ ಬಿಟ್ಟ ರೈತ ಈ ಎಂಜಿನ್ನಿಗೆ ಬಂದ, ಬಾವಿ ಬತ್ತಿ ಸಾವಿರ ಅಡಿ ಬೋರು ಕೊರೆಸುವ ಕಾಲ ಬಂದಾಗ ಇದನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟ. ನಾನೇ ಪಂಪಿನೊಳಗೆ ಡೀಸೆಲ್ ಒತ್ತುವ ಎಷ್ಟೋ ಎಲಿಮೆಂಟ್‌ಗಳನ್ನು ಆ ಗುಜರಿ ರಾಶಿಯಿಂದ ಹೆಕ್ಕಿ ತಂದಿದ್ದೇನೆ.

ಮೊದಲು ಕ್ರೂಡಾಯಿಲ್ ಮಾತು ಮುಗಿಸಿಬಿಡುತ್ತೇನೆ. ನಿಮ್ಮ ಯಜಮಾನರು ಹಾಕುತ್ತಿದ್ದದ್ದು ನೆಲದಿಂದ ಬಂದ ಹಸಿ ಕ್ರೂಡ್ ಅಲ್ಲ. ಒಂದೋ ಬಂಕಿನ ಡೀಸೆಲ್, ಇಲ್ಲವೇ ಎಲ್‌ಡಿಒ ಅನ್ನುವ ಲೈಟ್ ಡೀಸೆಲ್ ಆಯಿಲ್. ಎಲ್‌ಡಿಒ ಇರುವುದೇ ನಿಮಿಷಕ್ಕೆ 750 ಸುತ್ತಿಗಿಂತ ನಿಧಾನವಾಗಿ ತಿರುಗುವ ಎಂಜಿನ್‌ಗಳಿಗೆ. ನಿಮ್ಮ ಮಗನ ಎರಡು ಸಿಲಿಂಡರಿನದು ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ವೇಗದ್ದು. ಹೆಸರು ಒಂದೇ ಅಂತ ಅಪ್ಪನ ಲೆಕ್ಕ ಮಗನಿಗೆ ಹೇಳಬೇಡಿ.

ಈಗ ಕೆಂಪು ಡೀಸೆಲ್. ಆ ಬಣ್ಣದಿಂದ ಎಂಜಿನ್ನಿಗೆ ಆಗಬೇಕಾದ್ದು ಏನೂ ಇಲ್ಲ, ಅದನ್ನು ಹಾಕಿರೋದು ತೆರಿಗೆಯವರಿಗೋಸ್ಕರ. ನಮ್ಮಲ್ಲಿ ರೇಷನ್ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕುತ್ತಿದ್ದರಲ್ಲ, ಹಾಗೆಯೇ. ಬ್ರಿಟನ್ನಿನಲ್ಲಿ ಕಡಿಮೆ ತೆರಿಗೆಯ ಡೀಸೆಲ್ಲಿಗೆ ಕೆಂಪು ಬಣ್ಣ ಕಟ್ಟುತ್ತಾರೆ, ಅದು ರಸ್ತೆ ಮೇಲಿನ ಗಾಡಿಯ ಟ್ಯಾಂಕಿನಲ್ಲಿ ಸಿಕ್ಕಿದರೆ ಅಪರಾಧ. ದೋಣಿಯವರಿಗೆ ಇಂಗ್ಲೆಂಡಿನಲ್ಲಿ ಈಗಲೂ ಅದನ್ನು ಬಳಸಲು ಬಿಟ್ಟಿದ್ದಾರೆ, ಆದರೆ ದೋಣಿ ಓಡಿಸಲು ಸುಡುವ ಪಾಲಿಗೆ ಪೂರ್ತಿ ತೆರಿಗೆ ಕೊಡಬೇಕು. ಒಲೆ, ಹೀಟರು, ಕರೆಂಟಿಗೆ ಸುಡುವ ಪಾಲಿಗೆ ಮಾತ್ರ ರಿಯಾಯಿತಿ. 2008ರ ನವೆಂಬರಿನಿಂದ ಈ ಪದ್ಧತಿ. ಕೊಳ್ಳುವಾಗ ಓಡಿಸಲು 60, ಮನೆಬಳಕೆಗೆ 40 ಅಂತ ಬರೆದುಕೊಡುವುದು ಅಲ್ಲಿ ರೂಢಿ. ನಿಮ್ಮ ಮಗ ಅದರಲ್ಲೇ ವಾಸ ಮಾಡುವುದರಿಂದ ಚಳಿಗಾಲದಲ್ಲಿ ಅವನ ಹೀಟರೇ ಹೆಚ್ಚು ಕುಡಿಯುತ್ತದೆ. ಹಾಗಿದ್ದರೆ ಹಾಗೇ ನಿಜ ಬರೆದುಕೊಡಲಿ.

ಬಣ್ಣ ತೆಗೆದಿಟ್ಟು ನೋಡಿದರೆ ಒಳಗಿರುವ ಎಣ್ಣೆಗಳು ಅಣ್ಣತಮ್ಮ. ಕಾಲುವೆ ದೋಣಿಗೆ ಮಾರುವ ಕೆಂಪು ಡೀಸೆಲ್ಲಿನಲ್ಲೂ 2011ರಿಂದ ಗಂಧಕ ಹತ್ತು ಲಕ್ಷ ಭಾಗಕ್ಕೆ 10 ಭಾಗ ಮೀರುವಂತಿಲ್ಲ, ಅಲ್ಲಿನ ರಸ್ತೆಯ ಡೀಸೆಲ್ಲಿಗೂ ಅಷ್ಟೇ. ನಿಜವಾದ ವ್ಯತ್ಯಾಸ ಸೀಟೇನ್‌ನಲ್ಲಿದೆ. ಸೀಟೇನ್ ಅಂದರೆ ಸಿಲಿಂಡರಿನೊಳಗೆ ಬಿದ್ದ ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಅನ್ನುವ ಲೆಕ್ಕ. ರಸ್ತೆಯದು ಕನಿಷ್ಠ 51 ಇರಬೇಕು, ಕೆಂಪಿನದು 45 ಇದ್ದರೆ ಸಾಕು. ಜನವರಿಯ ಬೆಳಗ್ಗೆ ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವವನಿಗೆ ಆ ಆರು ಅಂಕ ತೋಳಿನಲ್ಲಿ ಗೊತ್ತಾದೀತು. ಸ್ಟಾರ್ಟ್ ಆದ ಮೇಲೆ ಲಿಸ್ಟರ್ರಿಗೆ ಎರಡೂ ಒಂದೇ.

‘ಪಂಪ್ ಒಣಗಿ ಸಾಯುತ್ತೆ’ ಅಂದರಲ್ಲ, ಆ ಮಾತಿಗೆ ಸ್ವಲ್ಪ ಹೊತ್ತು ಬೇಕು. ಯಾಕೆಂದರೆ ನನ್ನ ಅಂಗಡಿಗೆ ಬಂದ ಗಿರಾಕಿಗಳಲ್ಲಿ ಅರ್ಧ ಜನ ಇದನ್ನೇ ಹೇಳಿದ್ದಾರೆ. ‘ಗಂಧಕ ತೆಗೆದುಬಿಟ್ರು ಮೇಷ್ಟ್ರೇ, ಡೀಸೆಲ್‌ನಲ್ಲಿ ಜಿಡ್ಡೇ ಇಲ್ಲ.’ 1990ರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಡೀಸೆಲ್ಲಿನಲ್ಲಿ ನೂರಕ್ಕೆ ಒಂದು ಭಾಗದವರೆಗೆ ಗಂಧಕ ಇರಬಹುದಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್-6 ಡೀಸೆಲ್ ದೇಶಕ್ಕೆಲ್ಲ ಬಂತು, ಹತ್ತು ಲಕ್ಷಕ್ಕೆ 10 ಭಾಗ. ಅಂದರೆ ಮುಂಚಿನದರ ಸಾವಿರದಲ್ಲೊಂದು ಪಾಲು.

ಜಿಡ್ಡು ಗಂಧಕದಲ್ಲಿ ಇರಲಿಲ್ಲ ತಾಯಿ. ರಿಫೈನರಿಯಲ್ಲಿ ಹೈಡ್ರೋಜನ್ ಹಾಯಿಸಿ ಗಂಧಕ ತೆಗೆಯುವಾಗ, ಲೋಹಕ್ಕೆ ಅಂಟಿಕೊಂಡು ಕಾಪಾಡುತ್ತಿದ್ದ ಬೇರೆ ಅಂಶಗಳೂ ಜೊತೆಗೇ ಹೋಗುತ್ತವೆ. ಸ್ವೀಡನ್ನಿನಲ್ಲಿ 1991ರಲ್ಲಿ ಗಂಧಕ ತೀರ ಕಡಿಮೆ ಇರುವ ಡೀಸೆಲ್ ತಂದಾಗ, ಎಲ್ಲ ಸಿಲಿಂಡರಿಗೂ ಒಂದೇ ತಿರುಗುವ ಭಾಗದಿಂದ ಡೀಸೆಲ್ ಹಂಚುವ ರೋಟರಿ ಪಂಪ್‌ಗಳು ಸವೆದು ಕೂತವು. ಆ ಪೆಟ್ಟು ತಿಂದ ಮೇಲೇ ಜಿಡ್ಡಿನ ಮದ್ದನ್ನು ಬೇರೆಯಾಗಿ ಬೆರೆಸುವುದು ಶುರುವಾಯಿತು, ಅದನ್ನು ಅಳೆಯಲು ಒಂದು ಪರೀಕ್ಷೆಯೂ ಬಂತು. 6 ಮಿಲಿಮೀಟರಿನ ಉಕ್ಕಿನ ಗುಂಡನ್ನು 60 ಡಿಗ್ರಿ ಬಿಸಿಯ ಡೀಸೆಲ್ಲಿನಲ್ಲಿ ಮುಳುಗಿಸಿ, ಉಕ್ಕಿನ ಬಿಲ್ಲೆಯ ಮೇಲೆ 75 ನಿಮಿಷ ಹಿಂದೆ ಮುಂದೆ ಉಜ್ಜುತ್ತಾರೆ, ಸೆಕೆಂಡಿಗೆ 50 ಸಲ. ಆಮೇಲೆ ಗುಂಡಿನ ಮೇಲಿನ ಗಾಯವನ್ನು ಅಳೆಯುತ್ತಾರೆ. ರಸ್ತೆ ಡೀಸೆಲ್ಲಿನಲ್ಲಿ ಅದು 460 ಮೈಕ್ರಾನ್ ದಾಟಬಾರದು, ಅಲ್ಲೂ ಇಲ್ಲೂ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಹಡಗಿನ ಡೀಸೆಲ್ಲಿನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8217. ಅದರಲ್ಲಿ, ಗಂಧಕ ಕಡಿಮೆ ಇರುವ ಡೀಸೆಲ್ಲಿಗೆ 520 ಮೈಕ್ರಾನ್‌ವರೆಗೂ ಬಿಟ್ಟಿದ್ದಾರೆ. ಗಾಯ ದೊಡ್ಡದಾದಷ್ಟೂ ಜಿಡ್ಡು ಕಡಿಮೆ. ಹಾಗಾಗಿ ದೋಣಿಯ ಡೀಸೆಲ್ಲಿನಲ್ಲೇ ಜಿಡ್ಡು ಜಾಸ್ತಿ ಅನ್ನುವವರು ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ. ನನಗೂ ಇದು ಗೊತ್ತಾದದ್ದು ಅಂಗಡಿ ಮುಚ್ಚಿದ ಮೇಲೆಯೇ, ಅಲ್ಲಿಯವರೆಗೆ ನಾನೂ ಹೌದು ಹೌದು ಅಂತಲೇ ತಲೆಯಾಡಿಸುತ್ತಿದ್ದೆ.

ಇನ್ನು ನಿಮ್ಮ ಮಗನ ಎಂಜಿನ್ನಿನಲ್ಲಿ ರೋಟರಿ ಪಂಪ್ ಇಲ್ಲ. ಸಿಲಿಂಡರಿಗೊಂದು ಪುಟ್ಟ ಪಂಪು, ಅದನ್ನು ಕೆಳಗಿನಿಂದ ತಳ್ಳುವ ಟ್ಯಾಪೆಟ್ ಎಂಜಿನ್ ಆಯಿಲ್‌ನಲ್ಲೇ ಮೀಯುತ್ತದೆ. ಡೀಸೆಲ್ಲನ್ನೇ ನಂಬಿಕೊಂಡಿರುವುದು ಒಳಗೆ ಮೇಲೆ ಕೆಳಗೆ ಆಡಿ ಡೀಸೆಲ್ ಒತ್ತುವ ಪ್ಲಂಜರ್ ಒಂದೇ. ಎಲ್ಲ ಭಾಗವೂ ಡೀಸೆಲ್ಲಿನಲ್ಲೇ ಜಾರಬೇಕಾದ ರೋಟರಿ ಪಂಪಿನ ಭಯವನ್ನು ಇದಕ್ಕೆ ಅಂಟಿಸಬಾರದು.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಕೊರಟಗೆರೆ ಕಡೆಯ ರೈತರೊಬ್ಬರಿಗೆ ‘ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿಕೊಳ್ಳಿ, ಪಂಪಿಗೆ ಒಳ್ಳೇದು’ ಅಂದಿದ್ದೆ. ಅವರು ಮೇಷ್ಟ್ರು ಹೇಳಿದರು ಅಂತ ಟ್ರ್ಯಾಕ್ಟರಿನಿಂದ ಇಳಿಸಿದ ಹಳೇ ಆಯಿಲ್ಲನ್ನೇ ಲೋಟಗಟ್ಟಲೆ ಸುರಿದರು. ಮೂರು ತಿಂಗಳಿಗೆ ನಾಜಲ್ ತುದಿಯಲ್ಲಿ ಹೂಕೋಸಿನಂತೆ ಮಸಿ ಕಟ್ಟಿ, ಎಂಜಿನ್ನು ಕೆಮ್ಮುತ್ತಾ ನನ್ನ ಬಾಗಿಲಿಗೇ ಬಂತು. ಮಜೂರಿ ಕೇಳಲು ಬಾಯಿ ಬರಲಿಲ್ಲ. ನಿಮ್ಮ ಮಗನಿಗೂ ಯಾರಾದರೂ ಹೀಗೆ ಹೇಳುತ್ತಾರೆ. ಬೇಡ ಅನ್ನಿ.

ನಿಜವಾಗಿ ನೋಡಬೇಕಾದದ್ದು ರಬ್ಬರ್. ಹಳೇ ಡೀಸೆಲ್ಲಿನಲ್ಲಿ ಊದಿಕೊಂಡು ಕೂತಿದ್ದ ಓ-ರಿಂಗು, ವಾಷರ್‌ಗಳು ಈಗಿನ ಡೀಸೆಲ್ಲಿನಲ್ಲಿ ಕುಗ್ಗುತ್ತವೆ, ಜಾಯಿಂಟಿನಲ್ಲಿ ಸೋರುತ್ತದೆ. 2020ರ ಲಾಕ್‌ಡೌನ್ ಸಡಿಲವಾದ ಮೇಲೆ ಇಲ್ಲಿ ಒಂದರ ಹಿಂದೊಂದು ಒದ್ದೆ ಪಂಪ್ ಬಂದವು. ಎಲ್ಲರೂ ಹೊಸ ಡೀಸೆಲ್ಲನ್ನು ಬೈದರು. ಬಿಚ್ಚಿ ನೋಡಿದರೆ ಇಪ್ಪತ್ತು ವರ್ಷದ ಓ-ರಿಂಗು, ಉಗುರಲ್ಲಿ ಒತ್ತಿದರೆ ಬಿಸ್ಕತ್ತಿನಂತೆ ಮುರಿಯುತ್ತಿತ್ತು. ಡೀಸೆಲ್ಲಿನದೂ ತಪ್ಪು, ನಮ್ಮದೂ ತಪ್ಪು. ಇದರ ಜೊತೆಗೆ ಈಗಿನ ಡೀಸೆಲ್ಲಿನಲ್ಲಿ ನೂರಕ್ಕೆ 7 ಭಾಗದವರೆಗೆ ಬಯೋಡೀಸೆಲ್ ಬೆರೆಸಬಹುದು, ಅಲ್ಲಿನ ಕೆಂಪಿನಲ್ಲೂ. ಅದು ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ಗೋಡೆಗೆ ಅಂಟಿದ್ದ ಹಳೇ ಗಸಿಯನ್ನು ತೊಳೆದು ಫಿಲ್ಟರಿಗೆ ತಂದು ತುಂಬುತ್ತದೆ. ಆದ್ದರಿಂದ ಮೊದಲ ಕೆಲಸ ಡೀಸೆಲ್ ಪೈಪು, ವಾಷರ್ ಎಲ್ಲ ಬದಲಾಯಿಸುವುದು. ಪೈಪಿನ ಮೇಲೆ ಐಎಸ್‌ಒ 7840 ಅಂತ ಅಚ್ಚಾಗಿರುವುದನ್ನೇ ಕೊಳ್ಳಲಿ, ಅದು ಬೆಂಕಿಯನ್ನು ಸ್ವಲ್ಪ ಹೊತ್ತು ತಡೆಯುವ ಪೈಪು. ನಾಲ್ಕು ವರ್ಷಕ್ಕೊಮ್ಮೆ ಅಲ್ಲಿ ದೋಣಿಯ ಸುರಕ್ಷತಾ ತಪಾಸಣೆ ಆಗಬೇಕು, ಆಗ ಅದನ್ನೂ ನೋಡುತ್ತಾರೆ.

ಎರಡನೆಯದು ನೀರು. ಬಯೋಡೀಸೆಲ್ ನೀರನ್ನು ಎಳೆದುಕೊಳ್ಳುತ್ತದೆ, ಅರ್ಧ ಖಾಲಿ ಟ್ಯಾಂಕಿನ ಗೋಡೆಯಲ್ಲಿ ರಾತ್ರಿ ಇಬ್ಬನಿ ಕಟ್ಟುತ್ತದೆ. ಅದು ತಳ ಸೇರಿದ ಮೇಲೆ, ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಬೂಷ್ಟು ಬೆಳೆಯುತ್ತದೆ. ಮೊದಲ ಸಲ ನೋಡಿದವರು ಯಾರೋ ಟ್ಯಾಂಕಿಗೆ ರಾಗಿ ಅಂಬಲಿ ಸುರಿದಿದ್ದಾರೆ ಅಂದುಕೊಳ್ಳುತ್ತಾರೆ. ಮದ್ದು ಇದೆ, ಆದರೆ ಮದ್ದಿಗಿಂತ ಮುಂಚೆ ಟ್ಯಾಂಕನ್ನು ಕತ್ತಿನವರೆಗೆ ತುಂಬಿಡುವುದು, ತಿಂಗಳಿಗೊಮ್ಮೆ ತಳದ ಕೊಳಾಯಿ ಬಿಚ್ಚಿ ಒಂದು ಲೋಟ ಇಳಿಸಿ ಗಾಜಿನ ಬಾಟಲಿಯಲ್ಲಿ ನೋಡುವುದು. ತಳದಲ್ಲಿ ಗುಳ್ಳೆಯ ಹಾಗೆ ಬೇರೆ ನಿಂತರೆ ಅದು ನೀರು.

ಮೂರನೆಯದು ಚಳಿ. ತಿಪಟೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಿಸೆಂಬರಿನಲ್ಲಿ ನಿಮ್ಮ ಕೊಬ್ಬರಿ ಎಣ್ಣೆ ಡಬ್ಬಿಯಲ್ಲಿ ಹೇಗೆ ಗಟ್ಟಿಯಾಗುತ್ತದೋ ಡೀಸೆಲ್ಲಿನ ಮೇಣವೂ ಕಡು ಚಳಿಯಲ್ಲಿ ಹಾಗೆ ಕಟ್ಟಿಕೊಂಡು ಫಿಲ್ಟರ್ ಮುಚ್ಚುತ್ತದೆ. ಅಲ್ಲಿ ಬೇಸಿಗೆಗೆ ಒಂದು, ಚಳಿಗಾಲಕ್ಕೆ ಒಂದು ಡೀಸೆಲ್ ಮಾರುತ್ತಾರೆ. ಬೇಸಿಗೆಯದನ್ನೇ ಟ್ಯಾಂಕಿನಲ್ಲಿಟ್ಟುಕೊಂಡು ಜನವರಿಗೆ ಹೋಗುವುದು ಬೇಡ.

ಕೊನೆಗೆ ಕೊಳ್ಳುವುದು ಯಾವುದು? ಕೆಂಪೇ ಕೊಳ್ಳಲಿ, ಆದರೆ ವ್ಯಾಪಾರ ಚುರುಕಾಗಿರುವ ದೋಣಿ ಕಟ್ಟೆಯಲ್ಲಿ. ತಿಂಗಳುಗಟ್ಟಲೆ ನಿಂತ ಡೀಸೆಲ್ಲಿಗಿಂತ ನಿನ್ನೆ ಬಂದದ್ದು ಮೇಲು. ಬಯೋಡೀಸೆಲ್ ಬೆರೆಸದ ಕೆಂಪು ಕೆಲವು ಕಟ್ಟೆಗಳಲ್ಲಿ ಸಿಗುತ್ತದೆ, ಕೇಳಿ ನೋಡಲಿ. ಸಿಗದಿದ್ದರೆ ರಸ್ತೆ ಬಂಕಿನದ್ದೂ ನಡೆಯುತ್ತದೆ, ಪಂಪ್ ಸಾಯುವುದಿಲ್ಲ. ಕ್ಯಾನಿನಲ್ಲಿ ಹೊತ್ತುಕೊಂಡು ಹೋಗಿ ಕಾಲುವೆಗೆ ಚೆಲ್ಲದಿದ್ದರೆ ಆಯಿತು. ಮತ್ತೆ, ಮುಂದಿನ ಸಲ ಫೋನ್ ಮಾಡಿದಾಗ ಎಂಜಿನ್ ಸ್ಟಾರ್ಟ್ ಮಾಡಿ ಫೋನನ್ನು ಅದರ ಹತ್ತಿರ ಹಿಡಿಯಲು ಹೇಳಿ. ಹೊಗೆಯ ಬಣ್ಣ ನೀವು ನೋಡಲಾರಿರಿ, ಸದ್ದು ಮಾತ್ರ ನಿಮಗೆ ಗೊತ್ತಿರುವಂಥದ್ದೇ.

ಪ್ರಶ್ನೆ: ನನ್ನ ಭಾವಮೈದ ಗಂಗೊಳ್ಳಿಯಲ್ಲಿ ಟ್ರಾಲ್ ಬೋಟ್ ಇಟ್ಟುಕೊಂಡಿದ್ದಾನೆ. ಎಂಜಿನ್ ಹಳೇ ಲಾರಿಯದು, ಮೈಕೊ ಪಂಪು. ಬಂದರಿನ ಬಂಕಿನಲ್ಲಿ ಅವರಿಗೆ ‘ಮರೀನ್ ಡೀಸೆಲ್’ ಕಡಿಮೆ ರೇಟಿಗೆ ಸಿಗುತ್ತದೆ. ಅದು ಬೇರೆ ಎಣ್ಣೆಯೇ? ಹಳೇ ಎಂಜಿನ್ನಿಗೆ ಅದು ಒಳ್ಳೆಯದೋ, ಹೊರಗಿನ ಬಂಕಿನದ್ದೋ? ಇನ್ನೊಂದು ಮಾತು, ಊರಿಗೆ ಬರುವಾಗ ಒಂದು ಬ್ಯಾರೆಲ್ ತಂದರೆ ನನ್ನ ಟ್ರ್ಯಾಕ್ಟರಿಗೆ ಹಾಕಬಹುದೇ?
— ಓದುಗರು, ಕುಣಿಗಲ್

ಉತ್ತರ: ಕೊನೆಯ ಪ್ರಶ್ನೆಗೆ ಮೊದಲ ಉತ್ತರ. ಬೇಡ ಸ್ವಾಮಿ. ಅದು ಮೀನುಗಾರರಿಗೆ ಸರ್ಕಾರ ಮಾರಾಟ ತೆರಿಗೆ ಬಿಟ್ಟು ಕೊಡುವ ಡೀಸೆಲ್, ಮೀನುಗಾರಿಕೆಗೆ ಮಾತ್ರ. ನಿಮ್ಮ ಟ್ರ್ಯಾಕ್ಟರ್ ಮೀನು ಹಿಡಿಯುವುದಿಲ್ಲ. ನಿಮ್ಮ ಒಂದು ಬ್ಯಾರೆಲ್ಲಿಗೆ ಭಾವಮೈದನ ರಿಯಾಯಿತಿಯೇ ಹೋದೀತು.

ಎಣ್ಣೆ ಬೇರೆಯೇ ಅಂದರೆ, ಅಲ್ಲ. ನಮ್ಮ ಕರಾವಳಿಯ ಬಂದರು ಬಂಕಿನಲ್ಲಿ ಬೋಟಿಗೆ ಹಾಕುವುದು ಇಲ್ಲಿ ಕುಣಿಗಲ್ ಬಂಕಿನಲ್ಲಿ ನಿಮ್ಮ ಟ್ರ್ಯಾಕ್ಟರಿಗೆ ಹಾಕುವ ಹೈಸ್ಪೀಡ್ ಡೀಸೆಲ್ಲೇ. ಅಗ್ಗ ಅನ್ನುವುದಕ್ಕೆ ಜನ ‘ಮರೀನ್’ ಅಂತ ಹೆಸರಿಟ್ಟಿದ್ದಾರೆ. ನಿಜವಾದ ಮರೀನ್ ಡೀಸೆಲ್ ಹಡಗಿನದು, ಆಗಲೇ ಹೇಳಿದ ಐಎಸ್‌ಒ 8217ರ ಲೆಕ್ಕದ್ದು. ಅದನ್ನು ಒಂದು ಟ್ರಾಲ್ ಬೋಟಿನ ಲಾರಿ ಎಂಜಿನ್ನಿಗೆ ಹುಡುಕಿಕೊಂಡು ಹೋಗಬೇಕಾದ ಕಾರಣ ನನಗೆ ಕಾಣುವುದಿಲ್ಲ. 2020ರ ಜನವರಿ 1ರಿಂದ ಹಡಗಿನ ಇಂಧನಕ್ಕೆ ಜಗತ್ತಿನಾದ್ಯಂತ ಗಂಧಕದ ಮಿತಿ ನೂರಕ್ಕೆ 0.50 ಭಾಗ, ಮುಂಚೆ 3.50 ಇತ್ತು. ಇಳಿದ ಮೇಲೂ ನಮ್ಮ ಬಂಕಿನ ಮಿತಿಗಿಂತ ಐನೂರು ಪಟ್ಟು. ಗಂಧಕ ಉರಿದು ನೀರಾವಿ ಜೊತೆ ಸೇರಿದರೆ ಆಮ್ಲವಾಗುತ್ತದೆ, ರಿಂಗು ಲೈನರ್ ತಿನ್ನುತ್ತದೆ. ಅದನ್ನು ಕೊಲ್ಲುವ ಕ್ಷಾರ ಎಂಜಿನ್ ಆಯಿಲ್‌ನಲ್ಲಿ ಹೆಚ್ಚಿರಬೇಕು, ಆಯಿಲ್ ಬೇಗ ಬದಲಿಸಬೇಕು. ಹಡಗಿನವರು ಅದಕ್ಕೆ ತಕ್ಕ ಆಯಿಲ್ ಹಾಕುತ್ತಾರೆ. ನಿಮ್ಮ ಭಾವಮೈದ ಹಾಕುವುದು ಲಾರಿ ಆಯಿಲ್ಲನ್ನೇ.

ಹಡಗಿನ ಡೀಸೆಲ್ಲಿನಲ್ಲಿ ಮೆಚ್ಚುವ ಗುಣ ಒಂದಿದೆ, ಫ್ಲ್ಯಾಷ್ ಪಾಯಿಂಟ್. ಎಷ್ಟು ಬಿಸಿಯಾದರೆ ಅದರ ಆವಿ ಕಿಡಿಗೆ ಹೊತ್ತಿಕೊಳ್ಳುತ್ತದೆ ಅನ್ನುವ ಲೆಕ್ಕ ಅದು. ಹಡಗಿನದು ಕನಿಷ್ಠ 60 ಡಿಗ್ರಿ ಇರಬೇಕು. ನಮ್ಮ ರಸ್ತೆ ಡೀಸೆಲ್ಲಿಗೆ ಕನಿಷ್ಠ 35 ಸಾಕು. ಲಾರಿ ಟ್ಯಾಂಕ್ ಗಾಳಿಗೆ ತೆರೆದುಕೊಂಡಿರುತ್ತದೆ. ಬೋಟಿನ ಎಂಜಿನ್ ಕೋಣೆಯೋ, ಮುಚ್ಚಿದ ಒಲೆಯ ಹಾಗೆ. ಆದ್ದರಿಂದ ಎಂಜಿನ್ ಕೋಣೆಯಲ್ಲಿ ಸೋರಿಕೆ ಇಟ್ಟುಕೊಂಡು ಬೀಡಿ ಸೇದುವವರನ್ನು ಹೊರಗೆ ಕಳಿಸಲಿ. ಎಕ್ಸಾಸ್ಟ್ ಪೈಪಿನ ಹತ್ತಿರ ಹಾಯುವ ಡೀಸೆಲ್ ಪೈಪಿದ್ದರೆ ಬೇರೆ ದಾರಿಯಲ್ಲಿ ಎಳೆಸಲಿ. ಡೀಸೆಲ್ ಬದಲಿಸುವುದಕ್ಕಿಂತ ಇದು ಹೆಚ್ಚು ಕಾಪಾಡುತ್ತದೆ.

ಮೈಕೊ ಪಂಪ್ ಅಂದಿರಲ್ಲ, ಖುಷಿಯಾಯಿತು. ಬೆಂಗಳೂರಿನ ಮೈಕೊ ಕಂಪನಿ ಶುರುವಾದದ್ದು 1951ರಲ್ಲಿ, 2008ರಲ್ಲಿ ಹೆಸರು ಬಾಷ್ ಆಯಿತು, ನಮ್ಮ ಬಾಯಲ್ಲಿ ಇನ್ನೂ ಮೈಕೊ. ಸಾಲಿನಲ್ಲಿ ಎಲಿಮೆಂಟ್ ನಿಂತ ಆ ಪಂಪಿನಲ್ಲಿ, ಎಲಿಮೆಂಟ್ ಎತ್ತುವ ಕ್ಯಾಮು ಆಯಿಲ್‌ನಲ್ಲಿ ಮುಳುಗಿರುತ್ತದೆ, ಜಿಡ್ಡಿಲ್ಲದ ಡೀಸೆಲ್ಲಿಗೂ ಅದು ಹೆದರುವುದಿಲ್ಲ. ಆದರೆ ಹಳೇ ಪಂಪಿನಲ್ಲಿ ಎಲಿಮೆಂಟ್ ಸವೆದರೆ ಡೀಸೆಲ್ ಕೆಳಕ್ಕೆ ಇಳಿದು ಆಯಿಲ್ಲಿಗೆ ಸೇರುತ್ತದೆ. ಪಂಪಿನ ಆಯಿಲ್ ಮಟ್ಟ ತಾನೇ ತಾನಾಗಿ ಏರುತ್ತಿದೆ ಅಂದರೆ ‘ಚೆನ್ನಾಗಿದೆ, ಹಾಕಬೇಕಾಗಿಯೇ ಇಲ್ಲ’ ಅಂತ ಸಂತೋಷಪಡಬಾರದು. ಬೆರಳಿಗೆ ಅದ್ದಿ ಮೂಸಿದರೆ ಗೊತ್ತಾಗುತ್ತದೆ.

ನಾನು 1983ರಲ್ಲಿ ಮಲ್ಪೆಯ ಪಂಪ್ ಅಂಗಡಿಯೊಂದರಲ್ಲಿ ಎರಡು ಸೀಸನ್ ಕೆಲಸ ಕಲಿತೆ. ತುಮಕೂರಿನ ಹುಡುಗನಿಗೆ ಮೀನಿನ ವಾಸನೆಯೇ ಮೊದಲ ಪಾಠ. ಎರಡನೆಯದು ಮಳೆಗಾಲ ಕಳೆದ ಮೇಲಿನದು. ತಿಂಗಳುಗಟ್ಟಲೆ ದಡದಲ್ಲಿ ನಿಂತಿದ್ದ ಒಂದು ಬೋಟು ಮೊದಲ ದಿನವೇ ಹೊರಟಿತು, ಅಳಿವೆ ದಾಟುವಷ್ಟರಲ್ಲಿ ಎಂಜಿನ್ ನಿಂತಿತು. ಇನ್ನೊಂದು ಬೋಟಿನವರು ಎಳೆದು ತಂದರು. ಬೋಟ್ ನಡೆಸುವ ತಾಂಡೇಲರು ಡೀಸೆಲ್ ಕಲಬೆರಕೆ ಅಂತ, ಬೋಟು ಕಟ್ಟುವ ಧಕ್ಕೆಗೆಲ್ಲ ಕೇಳುವ ಹಾಗೆ ಕೂಗಾಡುತ್ತಿದ್ದರು. ಫಿಲ್ಟರ್ ಬೌಲ್ ಬಿಚ್ಚಿದೆವು, ಕಪ್ಪು ಲೋಳೆ. ಟ್ಯಾಂಕು ಕಾಲುಭಾಗ ಮಾತ್ರ ಇತ್ತು, ಮಿಕ್ಕಿದ್ದರಲ್ಲಿ ಮಳೆಗಾಲದ ತೇವ. ಆ ಡೀಸೆಲ್ ಯಾವುದಾಗಿದ್ದರೂ ಅವತ್ತು ಎಂಜಿನ್ ನಿಲ್ಲುತ್ತಿತ್ತು.

ಈಗ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಮೇ ಕೊನೆಯ ಟ್ರಿಪ್ ಮುಗಿದ ಕೂಡಲೇ ಟ್ಯಾಂಕ್ ತುಂಬಿಸಿ ಮುಚ್ಚಳ ಬಿಗಿಮಾಡಲಿ. ಏರ್ ಪೈಪಿನ ಬಾಯಿ ಮಳೆನೀರು ಒಳಗಿಳಿಯದ ಹಾಗೆ ಕೆಳಮುಖ ಇರಲಿ. ಜುಲೈ ಕೊನೆಯ ವಾರ ತಳದಿಂದ ಒಂದು ಬಕೆಟ್ ಇಳಿಸಿ ನೋಡಲಿ, ಹೊಸ ಫಿಲ್ಟರ್ ಹಾಕಿ ಏರ್ ತೆಗೆದು, ಧಕ್ಕೆಯಲ್ಲೇ ಒಂದು ಗಂಟೆ ಓಡಿಸಿ ಆಮೇಲೆ ಹೊರಡಲಿ. ಸಮುದ್ರದ ಉಪ್ಪುನೀರು ಒಂದು ತೊಟ್ಟು ನಾಜಲ್ಲಿಗೆ ಹೋದರೂ ರಾತ್ರಿ ಕಳೆಯುವಷ್ಟರಲ್ಲಿ ಸೂಜಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಇಲ್ಲಿ ಬೋರಿನ ನೀರು ಅಷ್ಟು ಕೆಡುಕು ಮಾಡುವುದನ್ನು ನಾನು ನೋಡಿಲ್ಲ. ಡೀಸೆಲ್ಲಿನಿಂದ ನೀರು ಬೇರೆ ಮಾಡುವ ವಾಟರ್ ಸಪರೇಟರ್ ಇಲ್ಲದಿದ್ದರೆ ಈ ರಜೆಯಲ್ಲೇ ಹಾಕಿಸಲಿ.

ಧಕ್ಕೆಯ ಮರೆಯಲ್ಲಿ ಬಿಲ್ಲಿಲ್ಲದೆ ಬ್ಯಾರೆಲ್ ಮಾರುವವರು ‘ಇದೂ ಮರೀನೇ’ ಅಂದರೆ ಮಾತ್ರ ಕಿವಿಗೊಡಬೇಡ ಅನ್ನಿ. ಅದರೊಳಗೆ ಏನಿದೆ ಅಂತ ಅವರಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ಚಳಿಗಾಲದಲ್ಲಿ ಸುಲಭವಾಗಿ ಸ್ಟಾರ್ಟ್ ಆಗಲಿ ಅಂತ ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುವುದು ಸರಿಯೇ?
— ಓದುಗರು, ಮಾಲೂರು

ಉತ್ತರ: ಕೋಲಾರದ ಚಳಿಗೆ ಡೀಸೆಲ್ ಮೇಣ ಕಟ್ಟುವುದಿಲ್ಲ. ಸ್ಟಾರ್ಟ್ ಆಗುತ್ತಿಲ್ಲ ಅಂದರೆ ಬ್ಯಾಟರಿಯೋ, ಕಂಪ್ರೆಷನ್ನೋ, ನಾಜಲ್ಲೋ ನೋಡಿಸಿ. ಸೀಮೆಎಣ್ಣೆ ತೆಳು, ಜಿಡ್ಡು ಇಲ್ಲ, ರೋಟರಿ ಪಂಪಿದ್ದರೆ ಅದಕ್ಕೆ ನೇರ ಪೆಟ್ಟು. ಹಿಂದೆ ರೇಷನ್ನಿನ ನೀಲಿ ಎಣ್ಣೆ ಬೆರೆಸಿ ತಂದವರು ನನ್ನ ಮುಂದೆ ‘ಇಲ್ಲ ಮೇಷ್ಟ್ರೇ, ಬರೀ ಡೀಸೆಲ್’ ಅಂತ ಆಣೆ ಮಾಡುತ್ತಿದ್ದರು. ಫಿಲ್ಟರ್ ಬಿಚ್ಚಿದರೆ ಅದರ ಬಣ್ಣವೇ ಸಾಕ್ಷಿ ಹೇಳುತ್ತಿತ್ತು.

ಪ್ರಶ್ನೆ: ನಮ್ಮದು ರೇಷ್ಮೆ ನೂಲು ಬಿಚ್ಚುವ ಘಟಕ. ಜನರೇಟರಿಗೆ ಅಂತ ತಂದ ಡೀಸೆಲ್ ಬ್ಯಾರೆಲ್ಲಿನಲ್ಲಿ ಎರಡು ವರ್ಷದಿಂದ ಇದೆ. ಬಳಸಬಹುದೇ?
— ಓದುಗರು, ಶಿಡ್ಲಘಟ್ಟ

ಉತ್ತರ: ಅಲ್ಲಾಡಿಸಬೇಡಿ. ಉದ್ದನೆಯ ಪೈಪಿನಿಂದ ತಳದ ಡೀಸೆಲ್ ಒಂದು ಬಾಟಲಿ, ನಡುವಿನದು ಒಂದು ಬಾಟಲಿ ತೆಗೆದು ಒಂದು ರಾತ್ರಿ ಇಡಿ. ನಡುವಿನದು ತಿಳಿಯಾಗಿದ್ದು, ಹಳೇ ಬಣ್ಣದ ಡಬ್ಬಿ ತೆರೆದಾಗಿನ ಹುಳಿ ವಾಸನೆ ಇಲ್ಲದಿದ್ದರೆ ಮೇಲಿನ ಮುಕ್ಕಾಲು ಭಾಗವನ್ನು ಶೋಧಿಸಿ, ಹೊಸ ಡೀಸೆಲ್ಲಿನ ಜೊತೆ ಅರ್ಧಕ್ಕರ್ಧ ಬೆರೆಸಿ ಮುಗಿಸಿ. ಕಂದು ಬಣ್ಣಕ್ಕೆ ತಿರುಗಿ ಮಬ್ಬಾಗಿದ್ದರೆ ಜನರೇಟರಿಗೆ ಬೇಡ. ತಳದ ಕಾಲುಭಾಗವನ್ನು ಯಾವುದಕ್ಕೂ ಹಾಕಬೇಡಿ, ಚರಂಡಿಗಂತೂ ಸುರಿಯಲೇಬೇಡಿ. ಮುಂದಿನ ಸಲ ಆರು ತಿಂಗಳಿಗೆ ಆಗುವಷ್ಟನ್ನೇ ತನ್ನಿ, ಬ್ಯಾರೆಲ್ ಮೇಲೆ ತಂದ ದಿನ ಬರೆದು, ಬಿಸಿಲು ಬೀಳದ ಕಡೆ ಇಡಿ.